ನಾಯಿ ಬಿಡ್ತಾರೇನ್ರಿ?

ದಾವಣಗೆರೆಯಲ್ಲಿ ರುದ್ರಮುನಿ ಅಂತ ಒಬ್ಬ ಟೈಲ್ಸ್ ವ್ಯಾಪಾರಿ. ಹೆಂಡತಿ, ಮಗಳ ಜೊತೆ ಸಮುದ್ರ ನೋಡಲು ಹೊರಟಿದ್ದ. ಮುದಿ ನಾಯಿ ಬಂಟಿಯೂ ಬರಲೇಬೇಕು ಅಂತ ಹಟ ಹಿಡಿದಿದ್ದ...

ಬಂಟಿ ಅಂದರೆ ಅವನಿಗೆ ಪಂಚಪ್ರಾಣ. ಹಾಗಂತ ಅವನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

ಮಲ್ಪೆ ಕಡೆಯ ಲಾಡ್ಜು, ರೆಸಾರ್ಟುಗಳಿಗೆಲ್ಲ ಫೋನ್ ಮಾಡಿದ. ಒಂದೇ ಪ್ರಶ್ನೆ... "ನಿಮ್ಮಲ್ಲಿ ನಾಯಿ ಬಿಡ್ತಾರೇನ್ರಿ?"

ಎಲ್ಲರೂ ಇಲ್ಲ ಅಂದರು. ಕೊನೆಗೆ ಒಂದು ಹೋಮ್‌ಸ್ಟೇ ನಡೆಸುವ ಬೇಬಿಯಕ್ಕ ಮಾತ್ರ, "ಬಿಡ್ತಾರೆ ಸಾರ್. ತುಂಬಾ ಜನ ಬಿಡ್ತಾರೆ" ಅಂದರು.

ರುದ್ರಮುನಿ ಖುಷಿಯಿಂದ ಬುಕ್ ಮಾಡಿದ.

ದಾರಿಯಲ್ಲಿ ಬಂಟಿ ಕಾರಿನ ಸೀಟು ಒದ್ದೆ ಮಾಡಿತು. ವಯಸ್ಸು, ಏನು ಮಾಡುವುದು... ಹೆಂಡತಿ ಪುಷ್ಪಲತಾ ಊರು ಮುಟ್ಟುವವರೆಗೂ ಮೂಗಿನಿಂದ ಸೆರಗು ತೆಗೆಯಲಿಲ್ಲ. ಹೋಮ್‌ಸ್ಟೇಯ ಹಿತ್ತಲಲ್ಲಿ ಆಗಲೇ ನಾಲ್ಕಾರು ಮುದಿ ನಾಯಿಗಳು ಮಲಗಿದ್ದವು.

ಮರಳಿನಲ್ಲಿ ಬಂಟಿಯ ಹಿಂಗಾಲು ಏಳಲಿಲ್ಲ. ರುದ್ರಮುನಿ ಎತ್ತಿಕೊಂಡು ಫೋಟೋ ತೆಗೆಸಿಕೊಂಡ. ಫೋಟೋ ಚೆನ್ನಾಗಿ ಬಂತು. ಕೆಳಗಿಳಿಸಿದ.

ಹೊರಡುವ ದಿನ ಬೇಬಿಯಕ್ಕ ಒಂದು ಹಗ್ಗ ಹಿಡಿದು ಬಂದರು.

"ಇದ್ರ ಬೆಲ್ಟ್ ಬಿಚ್ಚಿ ಕೊಂಡೋಗ್ತೀರಾ ಸಾರ್, ಇಲ್ಲೇ ಇರ್ಲಾ?"

"ಯಾಕ್ರಿ?"

"ಬಿಟ್ಟು ಹೋಗುದಲ್ವಾ? ನೀವೇ ಫೋನಲ್ಲಿ ಕೇಳಿದ್ರಲ್ಲ, ಇಲ್ಲಿ ನಾಯಿ ಬಿಡ್ತಾರಾ ಅಂತ."

ಹಿತ್ತಲಲ್ಲಿ ಮಲಗಿದ್ದ ಮುದಿ ನಾಯಿಗಳು ಯಾರವು ಅಂತ ರುದ್ರಮುನಿಗೆ ಆಗ ಅರ್ಥವಾಯಿತು.

'ಒಳಗೆ ಬಿಡ್ತಾರಾ ಅಂತ ಕೇಳಿದ್ದು ಕಣಮ್ಮಾ' ಅಂದಿದ್ದರೆ ಮುಗಿಯುತ್ತಿತ್ತು. ಅವನು ಅನ್ನಲಿಲ್ಲ. ಹೆಂಡತಿಯ ಮುಖ ನೋಡಿದ. ಹೆಂಡತಿ ಸೀಟು ನೋಡಿದಳು. ಮಗಳು ಇಯರ್‌ಫೋನ್ ಹಾಕಿಕೊಂಡಳು.

ಬೇಡ ಅನ್ನುವ ಕೆಲಸವನ್ನು ಒಬ್ಬರಿಗೊಬ್ಬರು ವಹಿಸಿಬಿಟ್ಟರು...

"ಇಲ್ಲಿ ಗಾಳಿನೂ ಚೆನ್ನಾಗೈತಿ, ಬಿಡ್ರಿ ಅತ್ಲಾಗೆ" ಅಂದಳು ಪುಷ್ಪಲತಾ.

ರುದ್ರಮುನಿ ಬಂಟಿಯ ತಲೆ ಸವರಿ, "ಬರ್ತೀನಿ ಕಣೋ" ಅಂದ.

ಹೊರಡುವಾಗ ಹೋಗ್ತೀನಿ ಅನ್ನಬಾರದಲ್ಲ... ದಿನಾ ಅಂಗಡಿಗೆ ಹೊರಡುವಾಗಲೂ ಬಂಟಿಗೆ ಇದನ್ನೇ ಹೇಳುತ್ತಿದ್ದ. ದಿನಾ ಸಂಜೆ ಬರುತ್ತಲೂ ಇದ್ದ.

ಬಂಟಿ ಬಾಲ ಅಲ್ಲಾಡಿಸಿ ಗೇಟಿನ ಹತ್ತಿರ ಕೂತಿತು.

ದಾರಿಯಲ್ಲಿ ಮಸಾಲೆ ದೋಸೆಗೆ ಕಾಯುತ್ತಾ ಅವನು ಹೋಮ್‌ಸ್ಟೇಗೆ ಐದು ಸ್ಟಾರ್ ಕೊಟ್ಟ. 'ನಾಯಿಗಳಿಗೆ ಹೇಳಿ ಮಾಡಿಸಿದ ಜಾಗ' ಅಂತ ಬರೆದ.

ವಾರ ಕಳೆಯುವುದರೊಳಗೆ ಬೇಬಿಯಕ್ಕನ ಫೋನ್ ಬಂತು.

"ಸಾರ್, ನಿಮ್ಮ ಬಂಟಿ ಹೋಯ್ತು. ಅನ್ನ ಮುಟ್ಲಿಲ್ಲ, ಗೇಟ್ ಬಿಟ್ಟು ಏಳ್ಲೇ ಇಲ್ಲ. ಹೋಗುವಾಗ ಅದ್ರ ಹತ್ರ ಎಂತ ಹೇಳಿದ್ರಿ ನೀವು?"

"ಬರ್ತೀನಿ ಅಂದೆ..."

"ಹಾಗೆ ಹೇಳ್ಬಾರ್ದಿತ್ತು ಸಾರ್. ಉಳಿದವ್ರು ಎಂತದೂ ಹೇಳದೆ ಹೋಗ್ತಾರೆ. ಆ ನಾಯಿಗಳು ಸ್ವಲ್ಪ ದಿನ ಕೂಗಿ, ಮತ್ತೆ ಊಟ ಮಾಡ್ತಾವೆ."

ರುದ್ರಮುನಿ ಅಂಗಡಿಯ ಶಟರ್ ಎಳೆದುಕೊಂಡು ಬಿಕ್ಕಿ ಬಿಕ್ಕಿ ಅತ್ತ. ನಿಜವಾಗಿಯೂ ಅತ್ತ.

ಆಮೇಲೆ ಕಣ್ಣೊರೆಸಿಕೊಂಡು, ಸಮುದ್ರದ ದಂಡೆಯ ಆ ಫೋಟೋವನ್ನು ಸ್ಟೇಟಸ್‌ಗೆ ಹಾಕಿದ... 'ನನ್ನ ಪಂಚಪ್ರಾಣ ಇನ್ನಿಲ್ಲ.'

ಕಂಡವರೆಲ್ಲ ಕೈಮುಗಿದ ಚಿಹ್ನೆ ಕಳಿಸಿದರು.

*

ಹೇಳಿ ಹೋಗುವವರಿಗೆ 'ಬರ್ತೀನಿ' ಬರೀ ರೂಢಿಯ ಮಾತು... ಕಾಯುವವರಿಗೆ ಅದೇ ಉಸಿರು.

ನೀವು ಯಾರಿಗೆ 'ಬರ್ತೀನಿ' ಅಂದು ಬಂದಿದ್ದೀರಿ? ಅವರು ಈಗ ಎಲ್ಲಿ ಕೂತಿರಬಹುದು?