ಕಳಕವ್ವನ ಸೀರೆಯ ದಡಿ

ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಬರೀ ಮೂಸಿ ನೋಡಿ, ಮುನ್ನೂರ ಅರವತ್ತು ಬಗೆಯ ಕೆಂಪಿನ ಹೆಸರು ಹೇಳಿದವನು ನಾನು. ಮುನ್ನೂರ ಅರವತ್ತೊಂದನೆಯದು ಆಗಿನ್ನೂ ಹುಟ್ಟಿರಲಿಲ್ಲ, ಅದಕ್ಕೇ ನಿಲ್ಲಿಸಿದೆ. ಕಲಬುರಗಿಯ ಸುಬೇದಾರರು ತಮ್ಮ ಮಗನ ಶೇರವಾನಿಗೆ ಗುಂಡಿ ಯಾವ ಬಣ್ಣದ್ದಿರಲಿ ಎಂದು ಕೇಳಲು ಬೇವೂರಿಗೆ ಮೋಟಾರು ಕಳಿಸಿದ್ದರು. ನನಗೆ ಕಡಲೆ ಒಕ್ಕುವ ಕೆಲಸವಿತ್ತು. ಮೋಟಾರು ಖಾಲಿ ವಾಪಸು ಹೋಯಿತು.

ಇಂಥ ನಾನು, ಬೇವೂರಿನ ಹಂಪಣ್ಣ, ತಾವರಗೇರಾದ ಬಣ್ಣಗಾರರ ಅಂಗಳದಲ್ಲಿ ಬೆವರುತ್ತ ನಿಂತಿದ್ದೆ. ಎದುರಿಗೆ ಬಿದಿರಿನ ಗಳದ ಮೇಲೆ ಬಣ್ಣ ಹಾಕಿದ ರೇಷ್ಮೆ ನೂಲಿನ ಆರು ಲಡಿ ತೂಗುತ್ತಿದ್ದವು. ಪಕ್ಕದಲ್ಲಿ ನನ್ನ ತಂಗಿಯ ಮಗಳು ಪಂಪಾವತಿ. ಅವಳ ಮದುವೆಗೆ ಇನ್ನು ಹದಿನೆಂಟು ದಿನ. ಸೀರೆಯ ಒಡಲಿನ ಬಣ್ಣವನ್ನು ಬೀಗರು ಹೇಳಿ ಕಳಿಸಿದ್ದರು. ದಡಿಯ, ಅಂದರೆ ಅಂಚಿನ, ಬಣ್ಣ ನಮಗೆ ಬಿಟ್ಟಿದ್ದರು. ಇವತ್ತು ಹೇಳಿದರೆ ನಾಳೆ ನೇಕಾರ ಮಗ್ಗಕ್ಕೆ ಹಾಸು ಏರಿಸುತ್ತಾನೆ. ಏರಿಸಿದ ಮೇಲೆ ಬದಲಿಸುವ ಮಾತಿಲ್ಲ.

"ಮಾಮಾ, ಅವ್ವನ ಮದವಿ ಸೀರಿ ದಡಿ ಹೆಂಗಿತ್ತೋ ಹಂಗ ಇರಬೇಕು. ಅಷ್ಟ ಸಾಕು ನನಗ," ಎಂದಳು ಪಂಪಾವತಿ.

ಅವಳ ಅವ್ವ ಕಳಕವ್ವ, ಇವಳು ನಾಲ್ಕು ವರ್ಷದವಳಿದ್ದಾಗ, ಪ್ಲೇಗಿನಲ್ಲಿ ಹೋದಳು. ಮನೆಯ ಬಟ್ಟೆಯನ್ನೆಲ್ಲ ಸುಟ್ಟರು, ಆ ಸೀರೆಯನ್ನೂ. ಅದರ ದಡಿ ಆರಿಸಿದವನು ನಾನೇ ಎಂದು ಅವಳ ಮದುವೆಯಿಂದಲೂ ಊರ ತುಂಬ ಹೇಳಿಕೊಂಡು ತಿರುಗಿದ್ದೆ. ಬೇರೆಯವರು ಜವಳಿ ತೆಗೆಯಲು ಕರೆದರೆ ಮಾತ್ರ, ನಮ್ಮ ಎತ್ತಿಗೆ ಮೈಯಲ್ಲಿ ನೆಟ್ಟಗಿಲ್ಲ ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಈ ಹುಡುಗಿಗೆ ಆ ನೆಪ ಹೇಳಲು ಬಾಯಿ ಬರಲಿಲ್ಲ.

ಒಂದು ಲಡಿ ಮೂಸಿದೆ. ಇನ್ನೊಂದನ್ನು ಕಿವಿಯ ಹತ್ತಿರ ಹಿಡಿದು ತಿಕ್ಕಿದೆ. ಮತ್ತೊಂದರ ತುದಿ ನೆಕ್ಕಿದೆ.

"ಸಾವ್ಕಾರ್ರ, ರೇಷ್ಮಿ ಐತ್ರಿ ಅದು, ಉಪ್ಪಿನಕಾಯಿ ಅಲ್ಲ," ಎಂದಳು ಬಣ್ಣಗಾರರ ಸೊಸೆ ಮೈಮುನಬಿ.

"ಬಣ್ಣಕ್ಕ ರುಚಿ ಇರತೈತಿ, ಮೈಮುನಬಿ. ನಿಮ್ಮ ಅತ್ತಿಗೂ ಗೊತ್ತಿತ್ತು."

"ಅತ್ತಿ ಇದ್ದಿದ್ರ ನಿಮ್ಮನ್ನ ಯಾಕ ಕೇಳತಿದ್ವಿ? ಆ ಸೀರಿ ನೂಲಿಗೆ ಬಣ್ಣ ಹಾಕಿದಾಕಿನ ಅಕಿ. ಲಗೂನ ಹೇಳ್ರಿ. ಜರ್ಮನಿ ಲಡಾಯಿ ಸುರು ಆದಾಗಿಂದ ಬಣ್ಣದ ಪುಡಿ ಬರವಲ್ದು. ಇರೋವು ಇವ ಆರು."

"ಹೊತ್ತು ಇಳೀಲಿ. ಬಣ್ಣ ಎಚ್ಚರಾಗಲಿ," ಎಂದೆ. ಹೊತ್ತು ಇಳಿಯಿತು. ಪಂಪಾವತಿ ಸೆರಗಿನ ತುದಿಯನ್ನು ಹುರಿ ಮಾಡಿ ಮಾಡಿ ಹಗ್ಗವಾಗಿಸಿದ್ದಳು.

"ಮಾಮಾ, ಮರತೀಯೇನು?"

"ಮರಿಯೂದಾ? ನನ್ನ ತೊಟ್ಲದ ಹಗ್ಗಕ್ಕ ಎಷ್ಟು ಗಂಟಿದ್ವು ಅಂತ ಹೇಳ್ಲೇನು?" ಎನ್ನುತ್ತ, ಕೈಗೆ ಸಿಕ್ಕ ಲಡಿಯನ್ನು ಎತ್ತಿ ಹಿಡಿದೆ. "ಇದ! ಹಣ್ಣ ಮೆಣಸಿನಕಾಯಿ ಕೆಂಪು! ನಿಮ್ಮವ್ವ ಉಟ್ಟು ಹೊರಗ ಬಂದ್ರ, ಬೆಂಕಿ ಬಿತ್ತಂತ ಮಂದಿ ಕೊಡ ಹೊತ್ತು ಓಡಿ ಬಂದಿದ್ರು!"

"ಸಾವ್ಕಾರ್ರ," ಮೈಮುನಬಿ ಮೆಲ್ಲಗೆ ಅಂದಳು, "ಅದು ಗಿಣಿ ಹಸರು."

ಪಂಪಾವತಿ ಲಡಿಯನ್ನು ನೋಡಿದಳು, ನನ್ನ ಕಣ್ಣನ್ನು ನೋಡಿದಳು. "ನಿನಗ ಬಣ್ಣ ಕಾಣಂಗಿಲ್ಲೇನು, ಮಾಮಾ?"

ಲಡಿಯನ್ನು ತಿರುಗಿ ಗಳಕ್ಕೆ ಹಾಕಿದೆ.

"ಕೆಂಪು, ಹಸರು ಎರಡೂ ನನಗ ಒಂದ ಮಣ್ಣಿನಂಗ ಕಾಣತಾವ, ಪಂಪವ್ವ. ಸಣ್ಣಾಂವ ಇದ್ದಾಗ ಹಣ್ಣ ಮೆಣಸಿನಕಾಯಿ ಬಿಡಸು ಅಂದ್ರ ಹಸಿಕಾಯಿ ಎಲ್ಲಾ ಹರದು ತಂದಿದ್ದೆ. 'ನಾನ ಹರದೆ' ಅಂತ ನಿಮ್ಮವ್ವ ಏಟು ತಿಂದ್ಲು. ಅಕಿ ಒಬ್ಬಾಕಿಗೇ ಗೊತ್ತಿತ್ತು."

"ಮತ್ತ ಅವ್ವನ ಸೀರಿ?"

"ಆಗ ಮದವಿ ಹುಡಿಗಿ ಜವಳಿಗೆ ಬಂದ್ರೂ ಬಾಯಿ ತೆರೆಯೂ ಹಂಗಿದ್ದಿಲ್ಲ. ನಾ ಹೆಚ್ಚಿಗಿ ಮಾತಾಡತೀನಂತ ಹಿರಿಯಾರು ನನಗ ಆರಿಸಾಕ ಬಿಟ್ರು. ಅಕಿ ಇಲ್ಲೇ, ನೀ ನಿಂತಲ್ಲೇ ನಿಂತಿದ್ಲು. ನಾ ಒಂದೊಂದ ಲಡಿ ಎತ್ತಿ ಹೊಗಳಿದೆ. ಅಕಿಗೆ ಬೇಕಾದ್ದು ಬಂದಾಗ ನನ್ನ ಕಾಲ ಹೆಬ್ಬಟ್ಟು ತುಳದ್ಲು. 'ಇದ' ಅಂದೆ. ಹೆಸರು ನನಗ ಬಂತು, ಸೀರಿ ಅಕಿಗೆ ಬಂತು. ಅದು ಏನ್ ಬಣ್ಣ ಅಂತ ಕೇಳಬೇಕಾಗಿತ್ತು. ಕೇಳಲಿಲ್ಲ."

ಪಂಪಾವತಿ ಲಡಿಗಳತ್ತ ತಿರುಗಿದಳು. ಸೆರಗಿನ ಹಗ್ಗ ಬಿಚ್ಚಿಕೊಂಡಿತು. ಆಮೇಲೆ ಒಂದು ಹೆಜ್ಜೆ ನನ್ನ ಹತ್ತಿರ ಸರಿದಳು.

"ಮೊದಲಿಂದ ಎತ್ತು, ಮಾಮಾ. ಹೊಗಳಿಕೋತ ಎತ್ತು."

ಎತ್ತಿದೆ. ಮೊದಲನೆಯದನ್ನು ಸೂರ್ಯನಿಗೆ ಹೋಲಿಸಿದೆ, ಎರಡನೆಯದನ್ನು ತುಂಗಭದ್ರೆಗೆ. ನಾಲ್ಕು ಮುಗಿಯುವ ಹೊತ್ತಿಗೆ ಬಾಯಿ ಒಣಗಿತ್ತು. ಐದನೆಯದಕ್ಕೆ ಕೈ ಹಾಕಿದೆ. ನನ್ನ ಕಾಲ ಹೆಬ್ಬೆರಳಿನ ಮೇಲೆ ಹಿಮ್ಮಡಿಯೊಂದು ಗಟ್ಟಿಯಾಗಿ ಊರಿತು.

"ಇದ," ಎಂದೆ.

ಮದುವೆಯ ದಿನ ಪಂಪಾವತಿಯ ಸೀರೆಯ ದಡಿಯನ್ನು ಹರದಾರಿಗಟ್ಟಲೆ ದೂರದ ಕುಷ್ಟಗಿಯ ಮಂದಿ ತಮ್ಮ ಮಾಳಿಗೆಯ ಮೇಲೆ ನಿಂತೇ ನೋಡಿದರಂತೆ. ಯಾವ ಬಣ್ಣದ್ದೆಂದು ಮಾತ್ರ ನನ್ನನ್ನು ಕೇಳಬೇಡಿ.