ಒಂದೇ ಭೇಟಿಯಲ್ಲಿ

ನನ್ನ ಹೆಂಡತಿ ಅಂಬುಜಾಕ್ಷಿ ಹೋದಳೆಂದು ಆಸ್ಪತ್ರೆಯಿಂದ ತಿಳಿದ ದಿನ ನನಗೆ ಅಳಲು ಪುರಸೊತ್ತಿರಲಿಲ್ಲ. ಅವಳಿಗಾಗಿ ಮಾಡಬೇಕಾದ ಕೆಲಸ ಬಹಳವಿತ್ತು. ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ, ಮರಣ ಪ್ರಮಾಣಪತ್ರಕ್ಕಾಗಿ ಪುರಸಭೆಗೆ ಹೋದೆ.

ಕಿಟಕಿಯಾಚೆ ಕುಳಿತಿದ್ದ ಗುಮಾಸ್ತೆ ನನ್ನನ್ನು ಕಂಡು ಎದ್ದು ನಿಂತಳು.

“ಸರ್, ನೀವಾ! ತರಬೇತಿ ಕೇಂದ್ರದಲ್ಲಿ ನಮಗೆ ಆಡಳಿತ ಸುಧಾರಣೆ ಪಾಠ ಮಾಡಿದ್ರಲ್ಲ? ಬಂದ ಜನಾನ ಎರಡನೇ ಸಲ ಅಲೆಸಬೇಡಿ ಅಂತ ದಿನಾ ಬೋರ್ಡ್ ಮೇಲೆ ಬರೆಸ್ತಿದ್ರಿ.”

“ಹೂಂ, ಬರೆಸ್ತಿದ್ದೆ. ಇದು ಇವತ್ತೇ ಆಗುತ್ತೇನಮ್ಮ?”

“ಇವತ್ತೇನು ಸರ್, ಐದೇ ನಿಮಿಷ. ನಿಮ್ಮ ಶಿಷ್ಯೆ ಅಲ್ವಾ ನಾನು!”

ಹೆಸರು, ತಾರೀಕು ಎಲ್ಲ ಕಂಪ್ಯೂಟರಿನಲ್ಲಿ ತುಂಬಿಸಿದಳು. ಕೊನೆಯ ಗುಂಡಿಯ ಮೇಲೆ ಬೆರಳಿಟ್ಟಳು.

“ತಡಿಯಮ್ಮ,” ಎಂದೆ. “ಅವಳಿಗೋಸ್ಕರ ಮಾಡೋ ಕೆಲಸ ಇದೊಂದೇ ಉಳಿದಿರೋದು. ಇದೂ ಇವತ್ತೇ ಮುಗಿದುಹೋದ್ರೆ, ನಾಳೆ ಬೆಳಗ್ಗೆ ಎದ್ದು ನಾನು ಏನು ಮಾಡ್ಲಿ?”

ಅವಳು ಗುಂಡಿಯಿಂದ ಬೆರಳು ತೆಗೆದಳು.

“ಸರ್ವರ್ ಡೌನಾಗಿದೆ ಸರ್. ನಾಳೆ ಬನ್ನಿ.”

ಶ್ರೀಹರಿ, ನನ್ನ ಅಂಬುಜಾಕ್ಷಿಯ ಆತ್ಮಕ್ಕೆ ಶಾಂತಿ ಕೊಡು.