ಅಕ್ಕನ ಫೋಟೊ

ಅಕ್ಕನನ್ನು ನೋಡಲು ಬಂದು ತಂಗಿಯಾದ ತನ್ನನ್ನು ಒಪ್ಪಿಕೊಂಡು ಹೋದವನ ಮೇಲೆ ಪಂಕಜಳಿಗೆ ಮೊದಲ ದಿನದಿಂದಲೇ ಹೇಸಿಗೆ. ಅಕ್ಕತಂಗಿಯರದು ಒಂದೇ ಅಚ್ಚಿನ ಮುಖ, ಬಣ್ಣ ಮಾತ್ರ ಬೇರೆ. "ವರದಕ್ಷಿಣೆ ಬೇಡ, ಬೆಳ್ಳಗಿರೋಳು ಸಾಕು" ಎಂದಿದ್ದ, ಸಂತೆಯಲ್ಲಿ ಬದನೆಕಾಯಿ ಆರಿಸುವವನ ಹಾಗೆ. ಅಪ್ಪ ಮರುಮಾತಿಲ್ಲದೆ ಧಾರೆಯೆರೆದು ಕೊಟ್ಟ.

ಅಂಗಡಿ ಇಡಲು ಆಫ್ರಿಕಾಕ್ಕೆ ಹೊರಟ ದಿನ ಮಾತ್ರ ಅವನೇ ನೆನಪಿಸಿದ. "ನಿಮ್ಮಕ್ಕಂದೂ ಒಂದು ಫೋಟೊ ತಗೋ. ಅಂಗಡೀಲಿ ನಿನ್ನ ಫೋಟೊ ಪಕ್ಕದಲ್ಲೇ ಹಾಕೋಣ." ಅಷ್ಟರ ಮಟ್ಟಿಗೆ ಮನುಷ್ಯನೇ ಎನಿಸಿತು ಅವಳಿಗೆ.

ಅಲ್ಲಿ ತೆರೆದದ್ದು ಸೋಪು, ಪೌಡರು, ಕ್ರೀಮುಗಳ ಪುಟ್ಟ ಅಂಗಡಿ. ಗಲ್ಲಾದ ಹಿಂದೆ ಎರಡೂ ಫೋಟೊ ನೇತುಹಾಕಿ, ಅವುಗಳ ಕೆಳಗೆ ಅವಳನ್ನು ಕೂರಿಸಿದ. ಬಂದ ಹೆಂಗಸರೆಲ್ಲ ಫೋಟೊ ನೋಡಿ, ಅವಳನ್ನು ನೋಡಿ ಅದೇನೋ ಕೇಳುವರು. ಅವನು ಅದೇನೋ ಹೇಳುವನು. ಆಮೇಲೆ ಅವಳ ಕಡೆ ತಿರುಗಿ, "ಅಕ್ಕ ಲಕ್ಷಣವಾಗಿದಾಳೆ ಅಂತಿದಾರೆ, ಹೂಂ ಅಂತ ತಲೆಯಾಡ್ಸು" ಎನ್ನುವನು. ಊರಲ್ಲಿ ಯಾರೂ ಆಡದ ಮಾತು ಅದು. ಅವಳು ಮನಸಾರೆ ತಲೆಯಾಡಿಸುವಳು.

ಪಕ್ಕದ ತರಕಾರಿಯವಳ ಜೊತೆ ಹರಟಿ ಹರಟಿ ಅಲ್ಲಿಯ ಭಾಷೆ ಪಂಕಜಳ ಕಿವಿಗೆ ನಿಧಾನವಾಗಿ ಹತ್ತಿತು. ಒಂದು ದಿನ ಹುಡುಗಿಯೊಬ್ಬಳು ಫೋಟೊಗಳತ್ತ ಕೈತೋರಿಸಿ ಎಂದಿನ ಪ್ರಶ್ನೆ ಕೇಳಿದಳು. ಅವನು ಕ್ರೀಮಿನ ಡಬ್ಬಿಯೊಂದನ್ನು ಅವಳ ಮುಂದಿಟ್ಟು ಎಂದಿನ ಉತ್ತರ ಹೇಳಿದ. ಈ ಸಲ ಪಂಕಜಳಿಗೆ ಒಂದೊಂದು ಮಾತೂ ತಿಳಿಯಿತು.

"ಎರಡೂ ಇವಳೇ. ನಡುವೆ ಮೂರು ತಿಂಗಳು ಇದನ್ನ ಹಚ್ಚಿದಳು, ಅಷ್ಟೇ. ಬೇಕಾದರೆ ಇವಳನ್ನೇ ಕೇಳು."